ನಿಮಗಿದು ಗೊತ್ತೆ? ಹಾಬ್ಸ್ ಶತಕಗಳ ಕಾಶಿ ನಂಟು

ಇಂಗ್ಲೆಂಡಿನ ಬ್ಯಾಟಿಂಗ್ ದಿಗ್ಗಜ ಜ್ಯಾಕ್ ಹಾಬ್ಸ್ ತೀರಿಕೊಂಡದ್ದು 1963ರ ಡಿಸೆಂಬರ್ 21ರಂದು. ಆದರೆ ಅವರು ಹೊಡೆದ ಪ್ರಥಮ ದರ್ಜೆ ಶತಕಗಳೆಷ್ಟು ಎಂಬ ತಗಾದೆ ಇನ್ನೂ ತೀರಿಲ್ಲ. ಕ್ರಿಕೆಟ್ ವಾರ್ಷಿಕ ಗ್ರಂಥ ವಿಸ್ಡನ್ ಲೆಕ್ಕದಲ್ಲಿ 197, ಇನ್ನು ಕೆಲವು ಅಂಕಿಅಂಶ ತಜ್ಞರ ಪ್ರಕಾರ 199. ಈ ಎರಡರ ಅಂತರಕ್ಕೆ ಕಾರಣ, ಕಾಶಿಯಲ್ಲಿ ನೆಲೆಸಿದ್ದ ವಿಜಯನಗರಂ ರಾಜಕುಮಾರ, ನಮ್ಮ ‘ವಿಜ್ಜಿ’!

1930-31ರಲ್ಲಿ ಕಾನೂನುಭಂಗ ಚಳವಳಿಯ ಕಾವಿಗೆ ಇಂಗ್ಲೆಂಡಿನ ಎಂಸಿಸಿ ತಂಡದ ಭಾರತ ಪ್ರವಾಸ ರದ್ದಾಯಿತು. ವಿಜ್ಜಿ ಸುಮ್ಮನೆ ಕೂರಲಿಲ್ಲ. ತಾವೇ ತಂಡ ಕಟ್ಟಿ ಹಾಬ್ಸ್ ಮತ್ತು ಹರ್ಬರ್ಟ್ ಸಟ್‌ಕ್ಲಿಫ್‌ರನ್ನು ಕರೆಸಿ, ಭಾರತ, ಸಿಲೋನ್‌ಗಳಲ್ಲಿ ಆಡಿಸಿದರು. ಆಗ ಹಾಬ್ಸ್‌ಗೆ 48ರ ಪ್ರಾಯ. ಆದರೂ ಎರಡು ಶತಕ ಬಾರಿಸಿದರು. ಆ ಪಂದ್ಯಗಳು ಪ್ರಥಮ ದರ್ಜೆಯವೇ ಎಂಬುದರಲ್ಲೇ ಜಗಳ. ಅಂದಹಾಗೆ, ಅವರ ಶತಕಗಳಲ್ಲಿ ಹೆಚ್ಚುಕಡಿಮೆ ಅರ್ಧ ಬಂದದ್ದು ನಲವತ್ತು ದಾಟಿದ ಮೇಲೆ.

ಇನ್ನು ವಿಜ್ಜಿ? 1936ರಲ್ಲಿ ಭಾರತದ ನಾಯಕರಾಗಿ ಮೂರು ಟೆಸ್ಟ್ ಆಡಿ ಗಳಿಸಿದ್ದು ಒಟ್ಟು 33 ರನ್. ಬ್ಯಾಟಿಗಿಂತ ಅವರ ಥೈಲಿಯೇ ಜೋರು! 1965ರ ಡಿಸೆಂಬರ್ 2ರಂದು ಕಾಶಿಯಲ್ಲೇ ನಿಧನರಾದರು. ವಿಶ್ವವಿದ್ಯಾಲಯಗಳ ಅಂತರ ವಲಯ ಕ್ರಿಕೆಟ್ ಟೂರ್ನಿಗೆ ‘ವಿಜ್ಜಿ ಟ್ರೋಫಿ’ ಎಂದು ಹೆಸರಿಟ್ಟದ್ದು ಅವರ ನೆನಪಿಗೇ.