ಕಾರಿಲ್ಲದವರಿಗೂ ಬೆಂಗಳೂರು ಉಂಟು: ತೂಬಗೆರೆಯಿಂದ ಎರಡು ದಿನದ ಪೇಟೆ ಪ್ರವಾಸ, ಕೊನೇ ಬಸ್ಸಿನ ಲೆಕ್ಕಾಚಾರ

ತೂಬಗೆರೆ: ಭಾನುವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಈ ಕಡೆಗೇ ಮುಖ ಮಾಡುತ್ತವೆ. ನಂದಿಬೆಟ್ಟದ ಮಂಜು ನೋಡುವವರು, ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತವರು, ಮಾಕಳಿದುರ್ಗ ಹತ್ತುವ ಕಾಲೇಜು ಹುಡುಗರು, ಹೀಗೆ ಸಾಲುಸಾಲು. ಪೇಟೆಯವರು ಹಳ್ಳಿ ನೋಡಲು ಬರುವುದು ಸರಿಯೇ. ಬರಲಿ, ಹಲಸಿನ ಹಣ್ಣು ಕೊಳ್ಳಲಿ, ನಾಲ್ಕು ಕಾಸು ಇಲ್ಲೂ ಉದುರಲಿ. ಆದರೆ ಹಳ್ಳಿಯವರು ಪೇಟೆ ನೋಡಬೇಕೆಂದರೆ?

ಪ್ರಶ್ನೆ ಸಣ್ಣದಲ್ಲ. ತೂಬಗೆರೆ ಹೋಬಳಿಯ ಎಷ್ಟೋ ಮನೆಗಳಲ್ಲಿ ಬೆಂಗಳೂರು ಎಂದರೆ ಆಸ್ಪತ್ರೆ, ಕೋರ್ಟು, ಕಚೇರಿ, ಇಲ್ಲವೇ ಮಗನ ಫ್ಯಾಕ್ಟರಿ ಕೆಲಸ. ಕಾಯಿಲೆ ಬಿದ್ದಾಗ ಹೋಗುವುದು, ವ್ಯಾಜ್ಯ ಬಿದ್ದಾಗ ಹೋಗುವುದು. ಸುಮ್ಮನೆ, ಸಂತೋಷಕ್ಕೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರು ಎಷ್ಟು ಮಂದಿ? ಅರುವತ್ತು ದಾಟಿದ ಅಜ್ಜಿಗೆ ರಾಜಧಾನಿಯ ಆಸ್ಪತ್ರೆಯ ವಾರ್ಡು ಗೊತ್ತು, ವಿಧಾನಸೌಧದ ಮೆಟ್ಟಿಲು ಗೊತ್ತಿಲ್ಲ. ಇದಕ್ಕೆ ಕಾರಣ ದೂರವಲ್ಲ. ದೊಡ್ಡಬಳ್ಳಾಪುರದಿಂದ ಬೆಂಗಳೂರು ಹೆಚ್ಚುಕಡಿಮೆ ನಲವತ್ತು ಕಿಲೋಮೀಟರು. ಕಾರಣ ಇಷ್ಟೇ: "ಕಾರಿಲ್ಲ ಕಣಪ್ಪ, ಮಕ್ಕಳು ಮರಿ ಕಟ್ಕೊಂಡು ಹೆಂಗ್ ಹೋಗೋದು?"

ಹೋಗಬಹುದು ಸ್ವಾಮಿ. ಕಾರಿಲ್ಲದೆಯೇ ಹೋಗಬಹುದು. ಆದರೆ ಹೊರಡುವ ಹಿಂದಿನ ದಿನ ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ರಾತ್ರಿ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಕಣ್ಣುಕಣ್ಣು ಬಿಡಬೇಕಾಗುತ್ತದೆ.

ಐದು ಜನ, ಎರಡೂಕಾಲು ಟಿಕೆಟ್ಟು

ಮೊದಲು ಕಾಸಿನ ಮಾತು. ಒಂದು ಸಾಧಾರಣ ಸಂಸಾರವನ್ನು ತೆಗೆದುಕೊಳ್ಳಿ. ಅಜ್ಜ, ಅಜ್ಜಿ, ಗಂಡ, ಹೆಂಡತಿ, ಎಂಟು ವರ್ಷದ ಒಬ್ಬ ಹುಡುಗ. ಒಟ್ಟು ಐದು ಜನ. ಕೆಂಪು ಬಸ್ಸಿನಲ್ಲಿ ಹೊರಟರೆ ಎಷ್ಟು ಟಿಕೆಟ್ಟು?

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಅಜ್ಜಿಗೂ ಸೊಸೆಗೂ ಕಾಸಿಲ್ಲ. ಅರುವತ್ತು ತುಂಬಿದ ಅಜ್ಜನಿಗೆ ಶೇಕಡಾ 25 ರಿಯಾಯಿತಿ, ಅಂದರೆ ಮುಕ್ಕಾಲು ಟಿಕೆಟ್ಟು. ಹನ್ನೆರಡರೊಳಗಿನ ಹುಡುಗನಿಗೆ ಅರ್ಧ. ಮನೆ ಯಜಮಾನನಿಗೆ ಮಾತ್ರ ಪೂರ್ತಿ. ಕೂಡಿಸಿದರೆ ಐದು ಜನಕ್ಕೆ ಎರಡೂಕಾಲು ಟಿಕೆಟ್ಟು. ಹುಡುಗನ ಬದಲು ಹುಡುಗಿಯಾದರೆ ಅದೂ ಇಳಿದು ಒಂದೂಮುಕ್ಕಾಲು. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15ರಷ್ಟು ಏರಿತು ನಿಜ. ಏರಿದ ಮೇಲೂ ಬಾಡಿಗೆ ಕಾರಿನ ಮುಂದೆ ಇದು ಏನೂ ಅಲ್ಲ.

ಒಂದು ಎಚ್ಚರ. ಶಕ್ತಿ ನಡೆಯುವುದು ಸಾಮಾನ್ಯ ಹಾಗೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. ರಾಜಹಂಸ, ಹವಾನಿಯಂತ್ರಿತ ಬಸ್ಸು ಹತ್ತಿ ಕಂಡಕ್ಟರ್ ಜತೆ ಜಗಳಕ್ಕೆ ನಿಂತರೆ ಪ್ರಯೋಜನವಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಸೆರಗಿನ ಗಂಟಿನಲ್ಲೋ ಪರ್ಸಿನಲ್ಲೋ ಇರಲೇಬೇಕು. ಅಜ್ಜನ ರಿಯಾಯಿತಿಗೂ ವಯಸ್ಸಿನ ದಾಖಲೆ ಬೇಕು. ನೆರೆತ ಗಡ್ಡ ದಾಖಲೆಯಲ್ಲ.

ಬಸ್ಸೋ, ರೈಲೋ?

ತೂಬಗೆರೆಗೆ ರೈಲಿಲ್ಲ. ದೊಡ್ಡಬಳ್ಳಾಪುರವೇ ಮೊದಲ ಮೆಟ್ಟಿಲು. ಅಲ್ಲಿಗೆ ಬಸ್ಸು. ಅಲ್ಲಿಂದ ಮುಂದೆ ಎರಡು ದಾರಿ.

ಒಂದು, ಬಸ್ಸು. ರಾಜಾನುಕುಂಟೆ, ಯಲಹಂಕ, ಹೆಬ್ಬಾಳ ದಾಟಿ ಮೆಜೆಸ್ಟಿಕ್. ಸಾರಿಗೆ ಸಂಸ್ಥೆಯ ಬಸ್ಸಿನ ಜತೆಗೆ ಬಿ.ಎಂ.ಟಿ.ಸಿ. ಬಸ್ಸೂ ದೊಡ್ಡಬಳ್ಳಾಪುರದವರೆಗೆ ಬರುತ್ತದೆ. ಕಾದು ಕೂರಬೇಕಾದ ಭಯ ಕಡಿಮೆ. ಆದರೆ ಹೆಬ್ಬಾಳದ ಹತ್ತಿರ ವಾಹನಗಳ ಸಂತೆ. ಬೆಳಿಗ್ಗೆ ಕಚೇರಿ ಹೊತ್ತಿಗೆ ಸಿಕ್ಕಿಹಾಕಿಕೊಂಡರೆ ಮಗುವಿನ ಉತ್ಸಾಹವೆಲ್ಲ ಅಲ್ಲೇ ಬತ್ತಿಹೋಗುತ್ತದೆ.

ಎರಡು, ರೈಲು. ಬೆಂಗಳೂರಿನಿಂದ ಹಿಂದೂಪುರ, ಗುಂತಕಲ್ ಕಡೆಗೆ ಹೋಗುವ ಈ ಹಳಿ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದ್ದು. ಮಾಕಳಿದುರ್ಗ, ಒಡ್ಡರಹಳ್ಳಿ, ದೊಡ್ಡಬಳ್ಳಾಪುರ, ರಾಜಾನುಕುಂಟೆ, ಯಲಹಂಕ ಎಂದು ನಿಲ್ದಾಣಗಳು. ರೈಲಿಗೆ ಹೆಬ್ಬಾಳದ ಕಾಟವಿಲ್ಲ, ಟಿಕೆಟ್ಟೂ ಅಗ್ಗ. ಆದರೆ ಅದು ಹೇಳಿದ ಹೊತ್ತಿಗೇ ಬರುತ್ತದೆ, ಹೇಳಿದ ಹೊತ್ತಿಗೇ ಬರುವುದಿಲ್ಲ, ಎರಡೂ ಉಂಟು. ಕೆಲವು ಗಾಡಿ ಯಶವಂತಪುರಕ್ಕೆ ಹೋದರೆ ಕೆಲವು ದಂಡು ನಿಲ್ದಾಣದ ಮೇಲೆ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಹೋಗುತ್ತವೆ. ಯಾವುದು ಎಲ್ಲಿಗೆ ಎಂದು ಕೇಳಿಯೇ ಹತ್ತಬೇಕು. ಯಶವಂತಪುರದಲ್ಲಿ ಇಳಿದರೂ ಚಿಂತೆಯಿಲ್ಲ. ನಿಲ್ದಾಣದ ಪಕ್ಕದಲ್ಲೇ ಮೆಟ್ರೋ.

ಹಗಲು ಹೊತ್ತು ಹೋಗುವಾಗ ರೈಲು, ಬರುವಾಗ ಬಸ್ಸು ಎಂದಿಟ್ಟುಕೊಂಡರೆ ಮಕ್ಕಳಿಗೆ ಎರಡರ ರುಚಿಯೂ ಸಿಗುತ್ತದೆ.

ಮೆಟ್ರೋ ಹತ್ತುವ ಮುನ್ನ

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಶುರುವಾದ ನಮ್ಮ ಮೆಟ್ರೋ ಇವತ್ತು ಊರಿನ ನಾಲ್ಕು ದಿಕ್ಕಿಗೂ ಕೈ ಚಾಚಿದೆ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಗೆ, 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ. ನೇರಳೆ, ಹಸಿರು ಎರಡೂ ಕೂಡುವುದು ಮೆಜೆಸ್ಟಿಕ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಹೊರಗೆ ಬರಬೇಕಿಲ್ಲ, ಹೊಸ ಟಿಕೆಟ್ಟೂ ಬೇಡ.

ಇಲ್ಲಿ ಶಕ್ತಿ ನಡೆಯದು. ಹೆಂಗಸರೂ ಗಂಡಸರೂ ಒಂದೇ ದರ. 2025ರ ಫೆಬ್ರವರಿ 9ರಂದು ಜಾರಿಯಾದ ದರಪಟ್ಟಿಯಲ್ಲಿ ಕನಿಷ್ಠ 10 ರೂಪಾಯಿ, ಗರಿಷ್ಠ 90. ಮೂರಡಿಗಿಂತ ಗಿಡ್ಡ ಮಗುವಿಗೆ ಮಾತ್ರ ಪುಕ್ಕಟೆ. ಹಾಗಾಗಿ ಹತ್ತಿರದ ದಾರಿಗೆ ಸಿಟಿ ಬಸ್ಸು, ದೂರದ ದಾರಿಗೆ ಮೆಟ್ರೋ ಎಂದು ಹಂಚಿಕೊಂಡರೆ ಕೈಯಲ್ಲಿ ಕಾಸು ಉಳಿಯುತ್ತದೆ. ಓಡುವ ಮೆಟ್ಟಿಲು ಕಂಡು ಅಜ್ಜಿ ಹೆದರಿದರೆ ಕೈ ಹಿಡಿದು ಎಳೆಯಬೇಡಿ. ಲಿಫ್ಟು ಇದೆ, ಅದರಲ್ಲಿ ಕರೆದೊಯ್ಯಿರಿ. ಭಾನುವಾರ ಮೊದಲ ಗಾಡಿ ಬೆಳಿಗ್ಗೆ 7ಕ್ಕೆ.

ಇನ್ನೊಂದು ಮಾತು. ನೆಂಟರ ಮನೆಗೆ ಹೋಗುವಾಗ ತೂಬಗೆರೆಯವರು ಬರಿಗೈಲಿ ಹೋಗುವ ಪೈಕಿ ಅಲ್ಲ, ಒಂದು ಹಲಸಿನ ಹಣ್ಣಾದರೂ ಇರಬೇಕು. ಮೆಟ್ರೋದಲ್ಲಿ ಗಂಟುಮೂಟೆ 15 ಕಿಲೋ ಮೀರುವಂತಿಲ್ಲ. ತೋಟದ ದೊಡ್ಡ ಹಣ್ಣೊಂದೇ ಅಷ್ಟು ತೂಗೀತು! ಬಿಡಿಸಿದ ತೊಳೆಯನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗುವುದೇ ಜಾಣತನ.

ಮೊದಲ ದಿನ: ವಿಧಾನಸೌಧದ ಸುತ್ತ

ಎರಡೇ ದಿನದಲ್ಲಿ ಇಡೀ ಬೆಂಗಳೂರು ನೋಡುತ್ತೇನೆಂದು ಹೊರಟವರು ಕಾಲು ನೋವು ಬಿಟ್ಟರೆ ಇನ್ನೇನನ್ನೂ ಕಾಣುವುದಿಲ್ಲ. ದಿನಕ್ಕೊಂದು ದಿಕ್ಕು ಸಾಕು.

ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲಿ ಪೂರ್ವಕ್ಕೆ ಎರಡನೇ ನಿಲ್ದಾಣ ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ. 1951ರ ಜುಲೈ 13ರಂದು ನೆಹರೂ ಅಡಿಗಲ್ಲಿಟ್ಟ ಈ ಕಟ್ಟಡವನ್ನು ಕಟ್ಟಿಸಿದ ಹಟವಾದಿ ಕೆಂಗಲ್ ಹನುಮಂತಯ್ಯನವರು. ಮುಗಿದದ್ದು 1956ರಲ್ಲಿ. ದೇವನಹಳ್ಳಿ ತಾಲೂಕಿನ ಕೊಯಿರದ ಕಲ್ಲು ಅದರ ಗೋಡೆಯಲ್ಲಿದೆ ಎಂಬುದು ಈ ಸೀಮೆಯವರ ಹೆಮ್ಮೆ. 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಬರಹವನ್ನು ಮಗುವಿನ ಕೈಲಿ ಓದಿಸಿ. ತಾಲೂಕು ಕಚೇರಿಗೆ ಅಲೆದು ಸುಸ್ತಾದ ಅಜ್ಜ ಅದನ್ನು ಕೇಳಿ ನಕ್ಕರೆ ನಗಲಿ.

ರಸ್ತೆಯಾಚೆ ಕೆಂಪು ಬಣ್ಣದ ಅಠಾರಾ ಕಚೇರಿ, 1868ರಲ್ಲಿ ಮುಗಿದದ್ದು, ಇವತ್ತಿನ ಹೈಕೋರ್ಟು. ಅದರ ಬೆನ್ನಿಗೆ 1870ರ ಕಬ್ಬನ್ ಪಾರ್ಕು. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ನೆರಳು ಇಲ್ಲ. ಊಟವಾದ ಮೇಲೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 1962ರಲ್ಲಿ ತೆರೆದದ್ದು. ನಂದಿಬೆಟ್ಟದ ಆಚೆ ಮಗ್ಗುಲಿನ ಮುದ್ದೇನಹಳ್ಳಿಯ ಹುಡುಗನ ಹೆಸರಿನಲ್ಲಿ ರಾಜಧಾನಿಯಲ್ಲಿ ಇಂಥದೊಂದು ಮನೆ ಇದೆ ಎಂಬುದನ್ನು ನಮ್ಮ ಕಡೆಯ ಮಕ್ಕಳು ನೋಡಲೇಬೇಕು. ಯಂತ್ರಗಳನ್ನು ಮುಟ್ಟಿ, ತಿರುಗಿಸಿ, ಒತ್ತಿ ನೋಡಬಹುದು. ಹೊರಗೆ ಬರಲು ಹುಡುಗರು ಒಪ್ಪುವುದಿಲ್ಲ, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ರಾತ್ರಿ ತಂಗಲು ನೆಂಟರ ಮನೆ ಇದ್ದರೆ ಸರಿ. ಇಲ್ಲವಾದರೆ ಮೆಜೆಸ್ಟಿಕ್, ಗಾಂಧಿನಗರದ ಸುತ್ತ ಲಾಡ್ಜುಗಳಿವೆ. ಸಂಸಾರ ಸಮೇತ ಹೋಗುವವರು ಹಗಲಲ್ಲೇ ಕೋಣೆ ನೋಡಿ, ಬಾಡಿಗೆ ಮಾತಾಡಿ, ರಸೀದಿ ಪಡೆಯುವುದು ಕ್ಷೇಮ. ಕತ್ತಲಾದ ಮೇಲೆ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಕೋಣೆ ಹುಡುಕುವವರಿಗೆ ದರ ತಾನಾಗಿ ಏರುತ್ತದೆ.

ಎರಡನೇ ದಿನ: ಹೂವು, ಬಂಡೆ, ದೋಸೆ

ಬೆಳಿಗ್ಗೆ ಬೇಗ ಎದ್ದು ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ. ಹಳ್ಳಿಯಲ್ಲಿ ಬೆಳೆದ ಹೂವಿಗೂ ತರಕಾರಿಗೂ ಇಲ್ಲಿ ಏನು ಬೆಲೆ ಎಂದು ರೈತ ತಾನೇ ಕಣ್ಣಾರೆ ನೋಡಿದರೆ ಅದೂ ಒಂದು ಪಾಠ. ಅಲ್ಲೇ ನಡೆಯುವಷ್ಟು ದೂರದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ, 1791ರಲ್ಲಿ ಮುಗಿದದ್ದು. ಹಿಂದಿನ ನಿಲ್ದಾಣ ಚಿಕ್ಕಪೇಟೆ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ನೇಯ್ದ ಸೀರೆ ಗಾಜಿನ ಕಪಾಟಿನಲ್ಲಿ ಕೂತು ಯಾವ ದರ ಹೇಳುತ್ತದೆ ಎಂಬುದನ್ನು ನೇಕಾರರ ಮನೆಯವರು ನೋಡಬೇಕಾದ್ದು ಇಲ್ಲೇ.

ಆಮೇಲೆ ಲಾಲ್‌ಬಾಗ್. ಮೆಟ್ರೋ ನಿಲ್ದಾಣ ತೋಟದ ಪಶ್ಚಿಮ ಬಾಗಿಲಿಗೆ ಹತ್ತಿರ. ಹೈದರಾಲಿ 1760ರಲ್ಲಿ ಶುರು ಮಾಡಿದ, ಈಗ 240 ಎಕರೆ ಹರಡಿರುವ ತೋಟ. 1889ರ ಗಾಜಿನ ಮನೆ ಎಲ್ಲರಿಗೂ ಗೊತ್ತು. ಆದರೆ ಕೆಂಪೇಗೌಡರ ಗೋಪುರ ಹೊತ್ತ ಬಂಡೆಯ ವಯಸ್ಸು ಮುನ್ನೂರು ಕೋಟಿ ವರ್ಷ ಎಂಬುದನ್ನು ಮಕ್ಕಳಿಗೆ ಹೇಳಿ. ಆಗಸ್ಟ್ 15, ಜನವರಿ 26ರ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹೋದರೆ ಹೂವಿನ ಜತೆ ನೂಕುನುಗ್ಗಲೂ ಸಿಗುತ್ತದೆ.

ಹೊಟ್ಟೆ ತಾಳ ಹಾಕಿದರೆ ಗಾಂಧಿ ಬಜಾರಿನಲ್ಲಿ 1943ರ ವಿದ್ಯಾರ್ಥಿ ಭವನ. ದೋಸೆಗಾಗಿ ಸರದಿ ನಿಲ್ಲಬೇಕು. ಅಲ್ಲಿಂದ ಮುಂದೆ ಬಸವನಗುಡಿಯ ದೊಡ್ಡ ಬಸವಣ್ಣ. ಕಡೇ ಕಾರ್ತಿಕ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಆಟೋ ಹತ್ತುವುದಾದರೆ ಮೀಟರ್ ನೋಡಿ. 2025ರ ಆಗಸ್ಟ್ 1ರಿಂದ ಬಂದ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಮುಂದೆ ಕಿಲೋಮೀಟರಿಗೆ 18. "ಹಳ್ಳಿಯೋರು" ಎಂದು ಕಂಡು ಬಾಯಿಗೆ ಬಂದ ದರ ಹೇಳುವವರಿಗೆ ಈ ಲೆಕ್ಕ ಒಪ್ಪಿಸಿ.

ವಾಪಸು ಬರುವುದೇ ಕಷ್ಟ

ಇಲ್ಲಿಯವರೆಗಿನದೆಲ್ಲ ಸುಲಭ. ಅಸಲು ಸಂಗತಿ ಇರುವುದು ಸಂಜೆಗೆ. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೇಗಾದರೂ ಬರಬಹುದು. ಅಲ್ಲಿಂದ ತೂಬಗೆರೆಗೆ, ತೂಬಗೆರೆಯಿಂದ ಒಳಗಿನ ಹಳ್ಳಿಗೆ? ಕಾರಿದ್ದವನ ಪ್ರವಾಸ ಅವನ ಮನಸ್ಸಿಗೆ ಬಂದಾಗ ಮುಗಿಯುತ್ತದೆ. ಕಾರಿಲ್ಲದವನ ಪ್ರವಾಸ ಕೊನೇ ಬಸ್ಸು ಹೇಳಿದಾಗ ಮುಗಿಯುತ್ತದೆ.

ಆದ್ದರಿಂದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಹೋಗುವ ದಿನವೇ ದೊಡ್ಡಬಳ್ಳಾಪುರ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರನ್ನು ಕೇಳಿ ತೂಬಗೆರೆಯ ಕೊನೇ ಬಸ್ಸಿನ ಹೊತ್ತು ಬರೆದುಕೊಳ್ಳಿ. ಕೊನೆಯದಕ್ಕೆ ನಂಬಿ ಕೂರಬೇಡಿ, ಅದರ ಹಿಂದಿನದನ್ನು ಗುರಿ ಇಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸಿ, ಮೆಜೆಸ್ಟಿಕ್ ಬಿಡಲು ಎರಡು ತಾಸು ಹೆಚ್ಚೇ ಹಿಡಿಯಿರಿ. ಹೆಬ್ಬಾಳ ಯಾರ ಮಾತೂ ಕೇಳುವುದಿಲ್ಲ. ಸಂಜೆ ದೀಪ ಹತ್ತಿದ ವಿಧಾನಸೌಧ ನೋಡುವ ಆಸೆ ಇದ್ದರೆ ಅದನ್ನು ಮೊದಲ ದಿನಕ್ಕೇ ಮುಗಿಸಿ. ಒಂದೇ ದಿನಕ್ಕೆ ಹೋಗಿ ಬರುವವರಿಗೆ ಆ ದೀಪ ಕೈಗೆಟುಕದು. ಎರಡು ದಿನದ ಮಾತು ಇಲ್ಲಿ ಎತ್ತಿದ್ದೇ ಅದಕ್ಕೆ.

ಹೆಸರು ಹತ್ತಿರ ಬಂತು, ಹಳಿ?

1986ರ ಆಗಸ್ಟ್ 15ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆ ಆಯಿತು. 2025ರ ಜುಲೈ 2ರಂದು ಇಲ್ಲೇ ಪಕ್ಕದ ನಂದಿಬೆಟ್ಟದಲ್ಲಿ ಕೂತ ಸಚಿವ ಸಂಪುಟ ಇದನ್ನು 'ಬೆಂಗಳೂರು ಉತ್ತರ' ಎಂದು ಕರೆಯಲು ಒಪ್ಪಿತು. ಹೆಸರೇನೋ ರಾಜಧಾನಿಗೆ ಒಂದು ಹೆಜ್ಜೆ ಹತ್ತಿರ ಬಂತು. 2022ರ ಜೂನ್ 20ರಂದು ಅಡಿಗಲ್ಲು ಕಂಡ 148 ಕಿಲೋಮೀಟರಿನ ಉಪನಗರ ರೈಲು ಯೋಜನೆಯ 'ಕನಕ' ಮಾರ್ಗ ಹೀಲಲಿಗೆಯಿಂದ ಹೊರಟು ರಾಜಾನುಕುಂಟೆಗೆ ನಿಲ್ಲುತ್ತದೆ. ಅದೇ ಹಳಿಯ ಮುಂದಿನ ನಿಲ್ದಾಣ ದೊಡ್ಡಬಳ್ಳಾಪುರ! ಒಂದೇ ಒಂದು ನಿಲ್ದಾಣದ ಕೊರತೆಗೆ ಒಂದು ತಾಲೂಕು ಹೊರಗುಳಿದರೆ ಹೆಸರು ಬದಲಾಯಿಸಿ ಬಂದ ಭಾಗ್ಯವೇನು?

ಅದು ದೊಡ್ಡ ಮಾತು, ಬಹಳ ಕಾಲ ಹಿಡಿಯುತ್ತದೆ. ಸಣ್ಣ ಕೆಲಸವೊಂದು ನಾಳೆಯೇ ಆಗಬಹುದು. ತೂಬಗೆರೆಯ ನಿಲ್ದಾಣದಲ್ಲೂ ದೊಡ್ಡಬಳ್ಳಾಪುರದಲ್ಲೂ ದಪ್ಪ ಅಕ್ಷರದ ಒಂದು ಫಲಕ, ಅದರಲ್ಲಿ ಮೊದಲ ಬಸ್ಸಿನ ಹೊತ್ತು, ಕೊನೇ ಬಸ್ಸಿನ ಹೊತ್ತು. ಇದ್ದರೆ ಅಜ್ಜನ ಕಣ್ಣಿಗೂ ಕಾಣುವಂತಿರಲಿ, ಇಲ್ಲದಿದ್ದರೆ ಬರೆಸಲಿ. ಬೆಂಗಳೂರಿನ ಸಂಜೆ ಬಸ್ಸುಗಳು ಬಂದು ಸೇರಿದ ಮೇಲೆ ಹೊರಡುವಂತೆ ಭಾನುವಾರವಾದರೂ ಒಂದು ಬಸ್ಸು ಹೋಬಳಿಯ ಕಡೆ ಹೊರಟರೆ ಇನ್ನೂ ಉತ್ತಮ.

ತೂಬಗೆರೆಯ ಹಾಲು, ಹಲಸು, ತರಕಾರಿ ತಪ್ಪದೆ ಬೆಂಗಳೂರು ಸೇರುತ್ತವೆ. ಅವನ್ನು ಬೆಳೆದವರು ವರ್ಷಕ್ಕೊಮ್ಮೆ ಎರಡು ದಿನ ಅದೇ ಊರಿನಲ್ಲಿ ನೆಮ್ಮದಿಯಾಗಿ ತಿರುಗಾಡಿ, ರಾತ್ರಿ ಮನೆ ಸೇರುವಂತಾಗಬಾರದೇ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?