ಒಳಗಿನ ಕಳಂಕಕ್ಕೊಂದು ಅಳತೆಗೋಲು

ಅಪಸ್ಮಾರವೆಂದರೆ ಸ್ಮೃತಿ ತಪ್ಪುವಿಕೆ. ಚರಕಸಂಹಿತೆಯು ಅದನ್ನು ಇತರ ವ್ಯಾಧಿಗಳ ಸಾಲಿನಲ್ಲಿಯೇ ಇರಿಸಿ ನಿದಾನ, ಚಿಕಿತ್ಸೆಗಳೆರಡನ್ನೂ ನಿರೂಪಿಸಿದೆ. ಆದರೆ ನಟರಾಜನ ಪಾದದಡಿ ಬಿದ್ದಿರುವ, ಅಜ್ಞಾನದ ಪ್ರತೀಕವಾದ ಕುಳ್ಳನಿಗೂ ಇದೇ ಹೆಸರು. ವೈದ್ಯನ ಶಬ್ದವೂ ಶಿಲ್ಪಿಯ ಶಬ್ದವೂ ಒಂದೇ ಆದಾಗ, ರೋಗಿಯ ಪಾಲಿಗೆ ಬಂದದ್ದು ಬಹುಮಟ್ಟಿಗೆ ಎರಡನೆಯದರ ಹೀನಾರ್ಥವೇ.

ತೊರಗಲ್ ನಾಡಿನ ಹಳ್ಳಿಗಳಲ್ಲಿ ಇದನ್ನು ಮೂರ್ಛೆರೋಗವೆಂದೂ ಫಿಟ್ಸ್ ಎಂದೂ ಕರೆಯುತ್ತಾರೆ. ಬಿದ್ದವನ ಕೈಗೆ ಕೀಲಿಕೈ ಕೊಡುವ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವ ರೂಢಿಯಿಂದ ಫಲವಿಲ್ಲ. ರೋಗಿಯನ್ನು ಮಗ್ಗುಲಿಗೆ ಮಲಗಿಸಿ, ಬಾಯಲ್ಲಿ ಏನನ್ನೂ ತುರುಕದೆ ಕಾಯಬೇಕು; ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಶಿಕ್ಷಕರು ಇಷ್ಟನ್ನಾದರೂ ಅರಿತಿರುವುದು ಅವಶ್ಯ.

ರೋಗವು ವಿರಳವಲ್ಲ. ಬೆಂಗಳೂರಿನ ನಗರ, ಗ್ರಾಮಗಳ ಲಕ್ಷಕ್ಕೂ ಮಿಕ್ಕಿದ ಜನರನ್ನು ಸಮೀಕ್ಷಿಸಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 2004ರಲ್ಲಿ ಪ್ರಕಟಿಸಿದ ವರದಿಯಂತೆ, ನಗರದಲ್ಲಿ ಸಾವಿರಕ್ಕೆ ಸುಮಾರು 6, ಹಳ್ಳಿಗಳಲ್ಲಿ ಸುಮಾರು 12 ಜನರಿಗೆ ಈ ವ್ಯಾಧಿಯಿತ್ತು. ಯೋಗ್ಯ ಚಿಕಿತ್ಸೆ ದೊರೆತರೆ ನೂರರಲ್ಲಿ 70 ಜನ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ರೋಗಿಗಳನ್ನು ಹೀಗೆ ಎಣಿಸಬಹುದು; ಅವರ ನಾಚಿಕೆಯನ್ನು ಎಣಿಸುವ ಬಗೆ ಹೇಗೆ? 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯಿದೆಯು ಪದೇ ಪದೇ ಅಪಸ್ಮಾರಕ್ಕೊಳಗಾಗುವವರನ್ನು ಬುದ್ಧಿಭ್ರಮಣೆಯವರೊಡನೆ ಸೇರಿಸಿ ವಿವಾಹಕ್ಕೆ ಅನರ್ಹರೆಂದಿತು. ಆ ಶಬ್ದವನ್ನು ತೆಗೆದುಹಾಕಿದ್ದು 1999ರಲ್ಲಿ. ಕನ್ಯಾ ನೋಡುವ ಪಡಸಾಲೆಯಿಂದ ಅದಿನ್ನೂ ಹೋಗಿಲ್ಲ. ಮಗಳ ಮದುವೆ ತಪ್ಪೀತೆಂದು ರೋಗವನ್ನು ಮುಚ್ಚಿಡುವ ಮನೆಗಳುಂಟು. ಗಂಡನ ಮನೆಯಲ್ಲಿ ಗುಳಿಗೆ ನುಂಗಲು ಅಂಜಿ ಬಿಟ್ಟವಳಿಗೆ ಮೂರ್ಛೆ ಮರಳುತ್ತದೆ.

ಇಂಗ್ಲೆಂಡಿನ ಸ್ಕ್ಯಾಂಬ್ಲರ್ ಮತ್ತು ಹಾಪ್ಕಿನ್ಸ್ ಎಂಬ ವಿದ್ವಾಂಸರು 1986ರಲ್ಲಿ ಕಳಂಕವನ್ನು ಎರಡಾಗಿ ವಿಂಗಡಿಸಿದರು: ಜನರು ವಾಸ್ತವವಾಗಿ ತೋರುವ ತಿರಸ್ಕಾರ, ಮತ್ತು ತಿರಸ್ಕರಿಸಿಯಾರೆಂಬ ಅಳುಕು. ಅವರು ಕಂಡ ರೋಗಿಗಳನ್ನು ಹೆಚ್ಚು ಕಾಡಿದ್ದು ಎರಡನೆಯದು. ಅದೇ ಇನ್ನೂ ಆಳಕ್ಕಿಳಿದು ‘ನಾನು ಕೀಳೇ ಸರಿ’ ಎಂದು ರೋಗಿಯೇ ಒಪ್ಪಿಕೊಂಡರೆ ಅದು ಆತ್ಮಕಳಂಕ.

ಲಿವರ್‌ಪೂಲಿನ ಆನ್ ಜಾಕೋಬಿಯವರ ಹೆಸರಿನಲ್ಲಿ ಪ್ರಸಿದ್ಧವಾದ ಅಳತೆಗೋಲಿನಲ್ಲಿ ಮೂರೇ ಪ್ರಶ್ನೆಗಳಿವೆ. ಈ ರೋಗದಿಂದಾಗಿ ಜನರು ನಿಮ್ಮೊಡನೆ ಇರಲು ಮುಜುಗರಪಡುವರೆ? ಕೀಳಾಗಿ ಕಾಣುವರೆ? ದೂರವಿಡಬಯಸುವರೆ? ಪರಿಷ್ಕೃತ ರೂಪದಲ್ಲಿ ‘ಇಲ್ಲವೇ ಇಲ್ಲ’, ‘ಇರಬಹುದು’, ‘ಬಹುಶಃ ಹೌದು’, ‘ಖಂಡಿತ ಹೌದು’ ಎಂಬ ಉತ್ತರಗಳಿಗೆ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 9.

ಇಂಥ ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ತರುವುದು ಸುಲಭವಲ್ಲ. ಸ್ಪ್ಯಾನಿಷ್ ಭಾಷೆ ಇಪ್ಪತ್ತಕ್ಕೆ ಮಿಕ್ಕಿದ ದೇಶಗಳಲ್ಲಿ ಹರಡಿದೆ. ಮ್ಯಾಡ್ರಿಡ್ಡಿನ ನುಡಿಗಟ್ಟು ಮೆಕ್ಸಿಕೋದ ರೈತನಿಗೆ ಒಗ್ಗಲಾರದು. ಆದ್ದರಿಂದ ಒಬ್ಬರು ಅನುವಾದಿಸಿದ್ದನ್ನು ಮತ್ತೊಬ್ಬರು ಮೂಲಭಾಷೆಗೆ ತಿರುಗಿಸಿ ಹೋಲಿಸುವರು. ಬಳಿಕ ರೋಗಿಗಳ ಮುಂದಿಟ್ಟು ಅವರು ತಿಳಿದುಕೊಂಡದ್ದೇನೆಂದು ಕೇಳುವರು. ಕನ್ನಡದಲ್ಲಿಯೂ ತೊಡಕು ಇದೇ. ‘ಇರಬಹುದು’, ‘ಬಹುಶಃ ಹೌದು’ ಇವುಗಳ ಅಂತರ ವ್ಯಾಕರಣ ಬಲ್ಲವನಿಗೂ ಕಠಿಣ; ಸವದತ್ತಿಯ ಸಂತೆಗೆ ಬಂದವನಿಗೆ ಎರಡೂ ಒಂದೇ. ಅವನು ‘ಸ್ವಲ್ಪ’, ‘ಭಾಳ’ ಎಂದಾನು. ಆದರೆ ಅದು ಪ್ರಮಾಣದ ಮಾತು, ನಿಶ್ಚಯದ ಮಾತಲ್ಲ. ಮೇಲಾಗಿ ಕೇಳುವವರು ಡಾಕ್ಟರರಾದರೆ ‘ಏನೂ ಇಲ್ರೀ’ ಎನ್ನುವುದೇ ಇಲ್ಲಿಯ ಮರ್ಯಾದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ರೋಗದ ಸುದ್ದಿ ಹೊಸ್ತಿಲು ದಾಟದ ಮನೆಯಲ್ಲಿ ನೆರೆಯವರು ದೂರವಿಡುವ ಪ್ರಸಂಗವೇ ಬಾರದು. ಅಲ್ಲಿಯ ರೋಗಿ ಮೂರು ಪ್ರಶ್ನೆಗಳಿಗೂ ‘ಇಲ್ಲ’ ಎಂದು ನಿಜವನ್ನೇ ನುಡಿದು ಸೊನ್ನೆ ಪಡೆಯುವನು. ಕಾಗದದ ಮೇಲೆ ಅವನಿಗೆ ಕಳಂಕವೇ ಇಲ್ಲ. ಈ ನಾಡಿಗೆ ಅಳತೆಗೋಲು ಸಿದ್ಧವಾಗುವಾಗ ಇನ್ನೆರಡು ಪ್ರಶ್ನೆಗಳು ಸೇರುವುದು ಒಳಿತು. ನಿಮ್ಮ ರೋಗ ಮನೆಯ ಹೊರಗೆ ಯಾರಿಗೆ ಗೊತ್ತು? ಗುಳಿಗೆಯನ್ನು ಎಲ್ಲಿ ಇಟ್ಟುಕೊಂಡಿದ್ದೀರಿ?