ಪಿಡಿಎಫ್ ಹಾಕಿದ್ರೆ ಪುಸ್ತಕ ಡಿಜಿಟಲ್ ಆಯ್ತಾ?

ಹೋದ ಸೆಮಿಸ್ಟರ್‌ನಲ್ಲಿ ನಡೆದ ವಿಷಯ. ನಮ್ಮ ಕ್ಲಬ್‌ನ ಒಬ್ಬ ಜೂನಿಯರ್‌ಗೆ ದೃಷ್ಟಿ ತುಂಬಾ ಕಮ್ಮಿ. ಫೋನಿನ ಟಾಕ್‌ಬ್ಯಾಕ್ ಓದಿದ್ದನ್ನ ಕೇಳಿಸಿಕೊಂಡೇ ಅವನು ಓದೋದು. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಬೇಸಿಕ್ ಎಲೆಕ್ಟ್ರಿಕಲ್ ಇಂಟರ್ನಲ್ಸ್‌ಗೆ ಮುಂಚೆ ವಿದ್ಯುತ್ ಪಾಠ ಒಂದ್ಸಲ ಕನ್ನಡದಲ್ಲೇ ಕೇಳೋಣ ಅಂತ ದುಡ್ಡು ಕೊಟ್ಟು ಒಂದು ಭೌತಶಾಸ್ತ್ರದ ಇ-ಪುಸ್ತಕ ತಗೊಂಡ. ಫೋನ್ ಓದಿದ್ದು ಪಿ, ಎ, ಪೌಂಡ್, ಎ... ಹೀಗೆ. ಸ್ಕ್ರೀನ್ ಮೇಲೆ ನೋಡಿದ್ರೆ ಮಾತ್ರ ಮುದ್ದಾದ ಕನ್ನಡ ಅಕ್ಷರಗಳು!

ಯಾಕೆ ಹೀಗಾಯ್ತು ಅಂತ ನಾವು ಫೈಲ್ ಬಿಚ್ಚಿ ನೋಡಿದೆವು. ಪುಸ್ತಕ ಹಳೆಯ ಆಸ್ಕಿ ಫಾಂಟ್‌ನಲ್ಲಿತ್ತು. ಅಂಥ ಫಾಂಟ್‌ನಲ್ಲಿ ‘ಕ’ ಅಂದ್ರೆ ಕಂಪ್ಯೂಟರ್‌ಗೆ 80 ಮತ್ತು 192 ಅನ್ನೋ ಎರಡು ಸಂಖ್ಯೆ. 80 ಅಂದ್ರೆ ಇಂಗ್ಲಿಷಿನ ‘ಪಿ’. ಫಾಂಟ್ ಅದಕ್ಕೆ ‘ಕ’ದ ವೇಷ ಹಾಕಿದೆ ಅಷ್ಟೇ. ಯೂನಿಕೋಡ್‌ನಲ್ಲಿ ‘ಕ’ಗೆ 3221 ಅನ್ನೋ ಸ್ವಂತ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಡಿಟಿಪಿ ಅಂಗಡಿಗಳಲ್ಲಿ ಬಹಳ ಕಾಲ ನಡೆದದ್ದು ಪೇಜ್‌ಮೇಕರ್, ಅದಕ್ಕೆ ಯೂನಿಕೋಡ್ ಬರೋಲ್ಲ. ಪ್ರಿಂಟ್‌ಗೆ ಇದರಿಂದ ತೊಂದರೆ ಇರಲಿಲ್ಲ. ಅದೇ ಫೈಲನ್ನು ಪಿಡಿಎಫ್ ಮಾಡಿ ಮಾರಿದಾಗ ತೊಂದರೆ ಶುರುವಾಗುತ್ತೆ. ಹುಡುಕೋಕೆ ಆಗಲ್ಲ, ಕಾಪಿ ಮಾಡೋಕೆ ಆಗಲ್ಲ, ಕೇಳೋಕಂತೂ ಆಗೋದೇ ಇಲ್ಲ.

ಹಾಗಾದ್ರೆ ಪಠ್ಯಪುಸ್ತಕ ಪ್ರಕಾಶಕರು ಏನು ಮಾಡಬೇಕು? ನಮಗೆ ತೋಚಿದ್ದು ಇಷ್ಟು.

1. ಮೊದಲು ಯೂನಿಕೋಡ್. ನುಡಿ, ಬರಹ ತಂತ್ರಾಂಶಗಳಲ್ಲೇ ಪರಿವರ್ತಕ ಇದೆ. ಆದರೆ ಪರಿವರ್ತಿಸಿದ ಮೇಲೆ ಕರಡು ತಿದ್ದುವವರು ಓದಲೇಬೇಕು. ಪರಿವರ್ತಕಕ್ಕೆ ಇಂಗ್ಲಿಷ್ ಅಕ್ಷರ ಯಾವುದು, ಕನ್ನಡದ ವೇಷ ಯಾವುದು ಅಂತ ಗೊತ್ತಾಗದೆ ಓಮ್ ನಿಯಮದ ಸೂತ್ರವೇ ಅರ್ಥವಿಲ್ಲದ ಕನ್ನಡ ಆಗಿಬಿಡಬಹುದು.

2. ಪಿಡಿಎಫ್ ಜೊತೆಗೆ ಇಪಬ್ ಕೊಡಿ. ಪಿಡಿಎಫ್ ಪುಟದ ಅಳತೆ ಬದಲಾಗಲ್ಲ, ಫೋನಿನಲ್ಲಿ ಪ್ರತಿ ಸಾಲಿಗೂ ಎಳೆದಾಡಬೇಕು. ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದ್ರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಇಪಬ್ ಅಂದ್ರೆ ಭಯ ಬೇಡ, ಎಚ್‌ಟಿಎಂಎಲ್ ಪುಟಗಳನ್ನ ಜಿಪ್ ಮಾಡಿಟ್ಟ ಕಟ್ಟು ಅದು.

3. ಸೂತ್ರವನ್ನು ಫೋಟೋ ಮಾಡಿ ಅಂಟಿಸಬೇಡಿ. ಮ್ಯಾಥ್‌ಎಂಎಲ್‌ನಲ್ಲಿ ಬರೆದರೆ ಸ್ಕ್ರೀನ್ ರೀಡರ್ ಅದನ್ನ ಓದೋಕೆ ದಾರಿ ಇರುತ್ತೆ. ಚಿತ್ರಕ್ಕೂ ‘ಚಿತ್ರ 4.2’ ಅಂದ್ರೆ ಸಾಲದು. ‘ಬ್ಯಾಟರಿಗೆ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದೆ’ ಅಂತ ಒಂದು ಸಾಲು ಸೇರಿಸಿ.

4. ಕ್ಯೂಆರ್ ಕೋಡ್ ಹಾಕುವಾಗ ಸ್ವಂತ ವಿಳಾಸ ಕೊಡಿ. ಬೇರೆಯವರ ವಿಡಿಯೋ ಕೊಂಡಿಯನ್ನ ನೇರವಾಗಿ ಅಚ್ಚು ಹಾಕಿಸಿದ್ರೆ, ಆ ವಿಡಿಯೋ ತೆಗೆದ ದಿನ ಪುಸ್ತಕದಲ್ಲಿ ಉಳಿಯೋದು ಬರೀ ಕಪ್ಪು ಚೌಕ. ಸ್ವಂತ ವಿಳಾಸ ಆದ್ರೆ ಹಿಂದಿನಿಂದ ಬದಲಾಯಿಸಬಹುದು.

ಖರ್ಚು ಜಾಸ್ತಿ ಆಗಲ್ವಾ ಅಂತ ಕೇಳಬಹುದು. ಹಳೇ ಪುಸ್ತಕ ತಿದ್ದೋಕೆ ಖರ್ಚಿದೆ, ನಿಜ. ಅದಕ್ಕೇ ಹೆಚ್ಚು ಮಾರಾಟವಾಗೋ ಒಂದೇ ಪುಸ್ತಕದಿಂದ ಶುರು ಮಾಡಲಿ. ಹೊಸ ಪುಸ್ತಕವನ್ನ ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿದ್ರೆ, ಮತ್ತೆ ಪರಿವರ್ತಿಸೋ ಕೆಲಸವೇ ಇರಲ್ಲ.

ಆ ಜೂನಿಯರ್ ಕಥೆ ಏನಾಯ್ತು ಅಂದ್ರೆ, ನಾವು ನಾಲ್ಕು ಜನ ಹಾಸ್ಟೆಲ್‌ನಲ್ಲಿ ಕೂತು ಎರಡು ಸಂಜೆ ಆ ಒಂದು ಅಧ್ಯಾಯ ಟೈಪ್ ಮಾಡಿಕೊಟ್ಟೆವು. 2012ರಲ್ಲಿ ತಿದ್ದುಪಡಿಯಾದ ಕಾಪಿರೈಟ್ ಕಾಯ್ದೆ ಅಂಗವಿಕಲ ಓದುಗರಿಗಾಗಿ ಹೀಗೆ ಮಾಡೋಕೆ ಅವಕಾಶ ಕೊಡುತ್ತೆ. ಪರೀಕ್ಷೆ ಹಿಂದಿನ ರಾತ್ರಿ ಅವನು ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದ. ‘ಉಳಿದ ಅಧ್ಯಾಯ ಯಾವಾಗ ಅಣ್ಣಾ?’ ಅಂತ ಕೇಳಿದ್ದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ.

ನೀವೂ ಕನ್ನಡ ಇ-ಪುಸ್ತಕ ಕೊಳ್ಳೋ ಮುಂಚೆ ಅದರ ಸ್ಯಾಂಪಲ್ ತೆರೆದು, ಕಣ್ಣಿಗೆ ಕಾಣೋ ಯಾವುದಾದ್ರೂ ಪದವನ್ನ ಸರ್ಚ್‌ನಲ್ಲಿ ಹುಡುಕಿ ನೋಡಿ. ಸಿಗಲಿಲ್ಲ ಅಂದ್ರೆ ಪ್ರಕಾಶಕರಿಗೆ ಎರಡು ಸಾಲು ಮೇಲ್ ಬರೆಯಿರಿ. ಯಾರೂ ಕೇಳದಿದ್ರೆ ತಪ್ಪಾಗಿದೆ ಅಂತ ಅವರಿಗಾದ್ರೂ ಹೇಗೆ ಗೊತ್ತಾಗ್ಬೇಕು?